ಬೆಳಕಿನ ಜೊತೆ ಚೌಕಾಶಿ

ನಾನು ಚಿಕ್ಕವನಿದ್ದಾಗ ಮಂಠಾಳದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಅಕ್ಕನ ಎಮ್ಮೆಗೆ. ತಾಯಿಯಿಲ್ಲದ ಕರುವಾಗಿದ್ದಾಗಿನಿಂದ ಅದನ್ನು ಅಕ್ಕನೇ ಬೆರಳು ಚೀಪಿಸಿ, ಹಾಲು ಕುಡಿಸಿ ಬೆಳೆಸಿದ್ದಳು. ಈಗ ಅಕ್ಕನ ಮದುವೆ ಮುಗಿದಿತ್ತು. ಮರುದಿನ ಅವಳು ಹುಮನಾಬಾದಿನ ಗಂಡನ ಮನೆಗೆ ಹೊರಡಬೇಕು. "ಅದರ ಜೋಡಿ ಒಂದು ಫೋಟೋ ಬೇಕು," ಎಂದಷ್ಟೇ ಕೇಳಿದ್ದಳು.

ಬಸವಕಲ್ಯಾಣದಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಮಾಮಾ ಮದುವೆಗೆಂದು ಕ್ಯಾಮೆರಾ ತಂದಿದ್ದ. ರೀಲಿನಲ್ಲಿ ಒಂದೇ ಫೋಟೋ ಉಳಿದಿತ್ತು. ಕೆಟ್ಟರೆ ಕೆಟ್ಟಿತು, ಇನ್ನೊಂದಿಲ್ಲ. ಅಪ್ಪನಿಗೆ ಎಲ್ಲಿಲ್ಲದ ಹುರುಪು. ಸಂತೆಗೆ ಹೊಡೆದುಕೊಂಡು ಹೋಗುವಾಗ ಮಾಡುವಂತೆ ಎಮ್ಮೆಯ ಮೈತುಂಬ ಕುಸುಬೆ ಎಣ್ಣೆ ತಿಕ್ಕಿ, ಮಿರಮಿರ ಮಿಂಚಿಸಿ, ಬಿಸಿಲಿಗೆ ತಂದು ನಿಲ್ಲಿಸಿದ.

ಮಾಮಾ ಕ್ಯಾಮೆರಾಕ್ಕೆ ಕಣ್ಣಿಟ್ಟವನು ತಲೆ ಹಿಡಿದುಕೊಂಡ. "ಕರೀ ಎಮ್ಮಿಗೆ ಕನ್ನಡಿ ಹಚ್ಚೀರಲ್ರಿ. ಬೆನ್ನು ಬೆಳ್ಳಗ ಹೊಡೀತದ, ಹೊಟ್ಟಿ ಇದ್ದಲಿ ಆಗ್ತದ."

"ನೀ ಫೋಟೋ ತಗ್ಯಾಕ ಬಂದೀಯೋ, ಎಮ್ಮಿ ಕೊಳ್ಳಾಕೋ?" ಎಂದ ಅಪ್ಪ. "ಬರೇ ತಪ್ಪು ಹುಡುಕಿ ಹೆಸರಿಡ್ತಿ."

ಆಗ ಮಾಮಾ ನನ್ನನ್ನು ಹತ್ತಿರ ಕರೆದು ಕ್ಯಾಮೆರಾದ ಗುಟ್ಟು ಹೇಳಿಕೊಟ್ಟ. ಒಳಗೊಂದು ಕಿಂಡಿ. ಅದನ್ನು ಅಗಲ ಮಾಡಿದರೆ ಬೆಳಕು ಬೇಗ ತುಂಬುತ್ತದೆ, ಕಿರಿದು ಮಾಡಿದರೆ ಹೆಚ್ಚು ಹೊತ್ತು ತೆರೆದಿಡಬೇಕು. ಬೆಳಕು ಕಡಿಮೆ ಬಿದ್ದರೆ ಚಿತ್ರ ಕಪ್ಪು, ಹೆಚ್ಚಾದರೆ ಬರೀ ಬಿಳಿ.

"ಮತ್ತ ಕಿಂಡೀನೂ ಅಗಲ ಮಾಡು, ಹೊತ್ತೂ ಭಾಳ ಕೊಡು ಮಾಮಾ," ಎಂದೆ.

"ಕೊಟ್ಟರ ನಿಮ್ಮಕ್ಕ ಜ್ವಾಳದ ಹಿಟ್ಟಿನ ಗೊಂಬಿ ಆಗ್ತಾಳ."

ನನಗೆ ಥಟ್ಟನೆ ಹೊಳೆಯಿತು. ಇದು ಅಪ್ಪ ಸಂತೆಯಲ್ಲಿ ಮಾಡುವ ಚೌಕಾಶಿಯೇ! ಇಲ್ಲಿ ಬಿಟ್ಟರೆ ಅಲ್ಲಿ ಹಿಡಿಯಬೇಕು. ಓಡಿಹೋಗಿ ಒಲೆಯ ಬೂದಿ ತಂದು ಎಮ್ಮೆಯ ಮೈಗೆ ತಿಕ್ಕಿದೆ. ಎಣ್ಣೆಯ ಹೊಳಪು ಹೋಯಿತು. ಅಪ್ಪ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದ. ಎಮ್ಮೆಯನ್ನು ಕೊಟ್ಟಿಗೆ ಗೋಡೆಯ ನೆರಳಿಗೆ ಎಳೆದೆವು. ಅಲ್ಲಿ ಬೆಳಕು ಅಕ್ಕನಿಗೂ ಎಮ್ಮೆಗೂ ಸಮನಾಗಿತ್ತು, ಆದರೆ ಕಡಿಮೆ. ಸಂಜೆ ಬೇರೆ ಇಳಿಯುತ್ತಿತ್ತು. ಮಾಮಾ ಕಿಂಡಿಯನ್ನು ಪೂರ್ತಿ ತೆರೆದ, ಆದರೂ ಸಾಲಲಿಲ್ಲ. ಇನ್ನು ಹೊತ್ತನ್ನೇ ಹೆಚ್ಚು ಕೊಡಬೇಕು. ಆಗ ಯಾರು ಅಲುಗಾಡಿದರೂ ಚಿತ್ರ ಕಲಸಿಹೋಗುತ್ತದೆ.

"ಉಸಿರು ಹಿಡಿಯವ್ವಾ," ಎಂದ ಮಾಮಾ.

ಎಮ್ಮೆಗೆ ಯಾರು ಹೇಳಬೇಕು? ನೊಣಗಳು ಮುತ್ತುತ್ತಿದ್ದವು. ಅಕ್ಕ ಅದರ ಕೊರಳ ಕೆಳಗೆ ಮೆಲ್ಲಗೆ ಕೆರೆದಳು. ಅದು ಗದ್ದ ಎತ್ತಿ, ಕಣ್ಣು ಅರ್ಧ ಮುಚ್ಚಿ, ಕಲ್ಲಿನಂತೆ ನಿಂತಿತು. ಕಟಕ್.

ರೀಲು ತೊಳೆದು ಫೋಟೋ ಬರುವಷ್ಟರಲ್ಲಿ ಅಕ್ಕ ಹೋಗಿಯಾಗಿತ್ತು. ಅಪ್ಪನೂ ನಾನೂ ಅದನ್ನು ಹುಮನಾಬಾದಿಗೆ ಒಯ್ದೆವು. ಎಮ್ಮೆಯ ಒದ್ದೆ ಮೂಗು, ಮೈಮೇಲಿನ ಕೂದಲು, ಅಕ್ಕ ತಡೆದುಕೊಂಡಿದ್ದ ನಗು, ಎಲ್ಲವೂ ಕಂಡಿದ್ದವು. ಎಮ್ಮೆಯ ಒಂದು ಕಿವಿ ಮಾತ್ರ ಹೊಗೆಯಂತೆ ಕಲಸಿಹೋಗಿತ್ತು.

"ಕಿವಿ ಒಂದು ಕೆಡಿಸಿದ ನೋಡು ನಿಮ್ಮ ಮಾಮಾ," ಎಂದ ಅಪ್ಪ.

ಅಕ್ಕ ಬಹಳ ಹೊತ್ತು ನೋಡಿದಳು. "ಕೆಟ್ಟಿಲ್ಲಪ್ಪಾ. ನೊಣ ಓಡಸಾಕತ್ತದ. ಇನ್ನೂ ಓಡಸಾಕತ್ತದ."

ಮಕ್ಕಳೇ, ನಿಮ್ಮ ಮೊಬೈಲಿನಲ್ಲಿ ರೀಲು ಮುಗಿಯುವುದೇ ಇಲ್ಲ, ಬೆಳಕಿನ ಚೌಕಾಶಿಯನ್ನೂ ಅದೇ ಮಾಡಿಬಿಡುತ್ತದೆ. ಆದರೂ ನನ್ನ ಮಾತು ಕೇಳಿ: ಒತ್ತುವ ಮುಂಚೆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆ ನೋಡಿ. ಮೊನ್ನೆ ಹುಮನಾಬಾದಿನಲ್ಲಿ ನೀವು ನನ್ನ ಅಕ್ಕನ ಫೋಟೋ ತೆಗೆದಿರಲ್ಲ, ಅವಳು ಎದ್ದು ಹೋಗಿ ಬಾಗಿಲ ನೆರಳಿನಲ್ಲಿ ಕುಳಿತದ್ದು ಅದಕ್ಕೇ. ನೀವು ತೆಗೆದು, ನೋಡಿ, ನಕ್ಕು, ಆಟಕ್ಕೆ ಓಡಿದಿರಿ. ಅಕ್ಕ ಮಾತ್ರ ಇನ್ನೂ ಉಸಿರು ಹಿಡಿದುಕೊಂಡೇ ಕುಳಿತಿದ್ದಳು.