ಗಾಜಿನ ಮೇಲಿನ ಶಾರದೆ

ಕಾನ್ವೆಂಟಿನಲ್ಲಿ ಕಲಿತ ಗ್ರಾಮರ್ ಮರೆತಿದ್ದೇನೆ, ಕಾಲಿನ ಪಾಠ ಮರೆತಿಲ್ಲ. ‘ಫೀಟ್ ಟುಗೆದರ್, ಗರ್ಲ್ಸ್!’ ಎಂದು ಸಿಸ್ಟರ್ ದಿನಾ ಬೆಂಚಿನ ಕೆಳಗೆ ಬಗ್ಗಿ ನೋಡುತ್ತಿದ್ದರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಕಾರಿನ ಹಿಂದಿನ ಗಾಜು ಬಿಚ್ಚಲು ಅದು ಉಪಯೋಗಕ್ಕೆ ಬಂದೀತೆಂದು ಅವರಿಗೂ ಹೊಳೆದಿರಲಾರದು.

ನಮ್ಮವರು ಬಿಟ್ಟುಹೋದ ಕಾರಿಗೆ ನಲವತ್ತು ದಾಟಿದೆ. ಮಳೆ ಬಂದರೆ ಹೊರಗಿಗಿಂತ ಒಳಗೇ ಜಾಸ್ತಿ. ಹಿಂದಿನ ಗಾಜಿನ ರಬ್ಬರಿನಡಿ ತುಕ್ಕು, ಗಾಜು ತೆಗೆಯದೆ ಟಿಂಕರಿಂಗ್ ಆಗದು ಎಂದ ಮೆಕ್ಯಾನಿಕ್ ಕರಿಯಪ್ಪ. ಮದಕರಿಪುರದ ಕುರಿಗಾರರ ಮನೆಯವನು. ಡಿಕ್ಕಿಯ ಮೇಲೆ ಕಂಬಳಿ ಹಾಸಿ, ರಬ್ಬರಿಗೆ ಸೋಪಿನ ನೀರು ಕುಡಿಸಿ, ಮರದ ಚಕ್ಕೆಯಿಂದ ಅದರ ತುಟಿಯನ್ನು ಸುತ್ತಲೂ ಎಬ್ಬಿಸಿದ, ಮರಿಯ ಬಾಯಿ ಬಿಡಿಸಿ ಔಷಧಿ ಹಾಕುವಷ್ಟು ನಾಜೂಕಾಗಿ. ಇನ್ನು ಒಬ್ಬರು ಒಳಗೆ ಮಲಗಿ ಎರಡು ಅಂಗಾಲಿನಿಂದ ಸಮವಾಗಿ ನೂಕಬೇಕು, ಹೊರಗೊಬ್ಬರು ಹಿಡಿಯಬೇಕು. ಕೈಯಲ್ಲಿ ನೂಕಿದರೆ ಭಾರ ಒಂದೇ ಕಡೆ ಬಿದ್ದು ಗಾಜು ಫಳಾರ್.

ಒಳಗೆ ಹೋಗಿ ಕಾಲೆತ್ತಿದ ಕರಿಯಪ್ಪ ಹಾವು ಕಂಡವನಂತೆ ಹೊರಬಂದ. ಗಾಜಿನ ಮೇಲೆ ನಮ್ಮವರು ಬಿಳಿ ಪೇಂಟಿನಲ್ಲಿ ಸ್ವತಃ ಬರೆದಿದ್ದರು: ‘ಶ್ರೀ ಶಾರದಾ ಪ್ರಸನ್ನ.’

‘ಅಮ್ಮಾರೇ, ದೇವ್ರ ಹೆಸ್ರೈತಲ್ರೀ! ಕಾಲಿಡಾದೆಂಗೆ?’

‘ಇಡಬ್ಯಾಡಪ್ಪ,’ ಎಂದಳು ಕುರ್ಚಿ ಹಾಕಿಸಿಕೊಂಡು ಉಸ್ತುವಾರಿಗೆ ಕೂತಿದ್ದ ನಾದಿನಿ ಗಿರಿಜಾ.

‘ಹಂಗಾರೆ ಸುತ್ತಿಗೇಲಿ ಒಡ್ದು ತೆಗೀತೀನ್ರಿ. ಒಡೆಯಾಕೆ ದೋಷ ಇಲ್ಲ, ಕಾಲು ತಾಕಬಾರ್ದು ಅಷ್ಟೇ.’

ಗಿರಿಜಾ ತಲೆದೂಗಿದಳು. ನಮ್ಮ ಭಕ್ತಿಯ ಲಾಜಿಕ್ ಎಷ್ಟು ಬ್ಯೂಟಿಫುಲ್ ನೋಡಿ! ಅದೇ ಅಕ್ಷರಗಳ ಮೇಲೆ ಹರಿಯಬ್ಬೆ ರಸ್ತೆಯ ಧೂಳು ಕೂತಿತ್ತು, ಎಮ್ಮೆ ಬಾಲ ಒರೆಸಿತ್ತು, ಕಾಗೆಗಳು ತಮ್ಮ ಒಪಿನಿಯನ್ ತಿಳಿಸಿದ್ದವು. ಸುತ್ತಿಗೆಯೂ ಓಕೆ. ಅಂಗಾಲು ಮಾತ್ರ ಕೂಡದು.

ಕರಿಯಪ್ಪ ಸುತ್ತಿಗೆ ಕೈಗೆತ್ತಿಕೊಂಡ. ನಮ್ಮವರ ಕೈಬರಹವೆಂದು ನನಗೆ ಉಳಿದಿರುವುದು ಅದೊಂದೇ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಗ್ಯಾರೇಜಿನಲ್ಲಿ ಬಿಚ್ಚಬೇಕಾಯಿತು.

‘ತಡಿಯಪ್ಪ. ಅದು ದೇವರಲ್ಲ, ನಾನು.’

ನನ್ನ ಹೆಸರು ಶಾರದಾ ಎಂದು ಗಿರಿಜಾಗೆ ಗೊತ್ತಿತ್ತು. ಹೆಂಡತಿಯ ಹೆಸರನ್ನು ಕಾರಿಗೆ ಬರೆಯುವಂಥ ಗಂಡಸು ತನ್ನ ಅಣ್ಣ ಎಂದು ಗೊತ್ತಿರಲಿಲ್ಲ. ‘ಶ್ರೀ ನಮ್ಮವ್ವನಿಗೆ, ಉಳಿದದ್ದು ನಿನಗೆ, ನೀನು ಪ್ರಸನ್ನಳಾಗೋದು ಅಪರೂಪ, ಬರೆದಾದರೂ ಇಟ್ಕಳ್ತೀನಿ’ ಎಂದು ಅವರು ನನ್ನ ಕಿವಿಯಲ್ಲಿ ಹೇಳಿದ್ದರು. ನಮ್ಮತ್ತೆ ಬದುಕಿರುವವರೆಗೂ ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿದರು.

‘ಅತ್ತಿಗೇ! ನಮ್ಮವ್ವ ಇಷ್ಟು ವರ್ಷ ಕೈ ಮುಗ್ದಿದ್ದು ನಿಂಗಾ?’

ಸೊಸೆಗೆ ಕೈಮುಗಿದ ಅತ್ತೆ ಇಡೀ ದುರ್ಗದಲ್ಲಿ ಅವರೊಬ್ಬರೇ ಇರಬೇಕು.

‘ದೊಡ್ಡೋರ ಹೆಸ್ರು, ನಾನಂತೂ ಕಾಲಿಡಲ್ರೀ,’ ಎಂದ ಕರಿಯಪ್ಪ. ‘ನಿಮ್ಮ ಹೆಸ್ರು, ನೀವೇ ಕಾಲಿಡ್ರಿ.’

ಹಿಂದಿನ ಸೀಟಿನಲ್ಲಿ ಮಲಗಿದೆ. ಸೀರೆಯನ್ನು ಕಣಕಾಲಿಗೆ ಸುತ್ತಿ, ಫೀಟ್ ಟುಗೆದರ್, ನೂಕಿದೆ. ‘ಮೆಲ್ಲಕ್ರಿ... ಹಂಗೇ, ಹಂಗೇ...’ ರಬ್ಬರು ನಿಟ್ಟುಸಿರು ಬಿಟ್ಟಿತು. ಗಾಜು ಇಡಿಯಾಗಿ ಕಂಬಳಿಗೆ ಇಳಿಯಿತು.

ಅವರು ಕಾರು ಓಡಿಸುವಾಗ ನಮ್ಮ ಜಗಳ ಒಂದೇ: ‘ಸದಾ ಕನ್ನಡಿ ನೋಡ್ತೀರಿ, ಹಿಂದಿನ ಲಾರಿ ಮಾತ್ರ ಕಾಣಲ್ಲ!’ ನನಗಂತೂ ಹಿಂತಿರುಗಿ ನೋಡಿದರೆ ಗಾಜಿನ ಅಕ್ಷರಗಳು ಉಲ್ಟಾ ಕಾಣುತ್ತಿದ್ದವು. ಬರೆದದ್ದು ಊರವರು ಓದಲಿ ಎಂದು ಅಂದುಕೊಂಡಿದ್ದೆ. ತುಕ್ಕು ಹೋಗಿ ಗಾಜು ಮತ್ತೆ ಕೂತ ದಿನ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತು ಆ ಪುಟ್ಟ ಕನ್ನಡಿ ನೋಡಿದೆ. ಅಕ್ಷರಗಳು ನೆಟ್ಟಗಿದ್ದವು. ನಾನು ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಾಗಲೂ ಅವರ ಕನ್ನಡಿಯಲ್ಲಿ ಶಾರದೆ ಪ್ರಸನ್ನಳಾಗಿಯೇ ಇದ್ದಳು. ಪಾಪ, ಲಾರಿ ಹೇಗೆ ಕಂಡೀತು?