ತಂಗಿಯ ಮುಡಿ

ನನ್ನ ತಂಗಿಯ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಅವಳಿಗೆ ಆಗ ಒಂಬತ್ತು ವರ್ಷ, ನನಗೆ ಹನ್ನೆರಡು. ವಿಷಮಜ್ವರದಿಂದ ಎದ್ದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಇಲಿಬಾಲದಂಥ ಒಂದು ಜಡೆ. ಭಾನುವಾರ ಅವ್ವ ಎಣ್ಣೆ ಹಚ್ಚಲು ಕೂತರೆ ನನ್ನ ತಲೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು, ಅವಳದಕ್ಕೆ ಅರ್ಧ ಬೆಳಿಗ್ಗೆ ಬೇಕು. ಮನೆಗೆ ಬಂದ ನೆಂಟರೆಲ್ಲ ಅವಳ ಜಡೆಯನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿ, ಆಮೇಲೆ ನನ್ನ ಕಡೆ ತಿರುಗಿ, "ಇವ್ಳು ಓದೋದ್ರಲ್ಲಿ ಜಾಣೆ ಬುಡು" ಅನ್ನುತ್ತಿದ್ದರು. ಆ 'ಬುಡು' ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಹೊಟ್ಟೆಕಿಚ್ಚಿನವಳು. ಇಷ್ಟು ವಯಸ್ಸಾದ ಮೇಲೆ ಅದಕ್ಕೆ ಬೇರೆ ಹೆಸರು ಹುಡುಕುವ ಆಸೆ ನನಗಿಲ್ಲ.

ಎಪ್ಪತ್ತರ ದಶಕದ ನಡುವೆ, ಸುಗ್ಗಿ ಮುಗಿಯುವ ಹೊತ್ತಿಗೆ, ಬೆಂಗಳೂರಿನಿಂದ ಸಿನಿಮಾದವರು ಬಂದರು. ಸ್ವಾತಂತ್ರ್ಯ ಬರುವ ಮುಂಚೆ ಶಿವಪುರದಲ್ಲಿ ಬಾವುಟ ಹಾರಿಸಿದ ಕಾಲದ ಕಥೆಯಂತೆ. ಚಳವಳಿಯ ನಡುವೆ ಬೆಳೆಯುವ ಒಬ್ಬ ಹುಡುಗಿ, ಅವಳ ಮನೆ, ಜೈಲಿಗೆ ಹೋಗುವ ಅವಳ ಅಪ್ಪ. ಹುಡುಗಿ ದೊಡ್ಡವಳಾದ ಮೇಲಿನ ಪಾತ್ರಕ್ಕೆ ನಟಿ ಇದ್ದಳು. ಬಾಲ್ಯಕ್ಕೆ ಮಾತ್ರ ಈ ಕಡೆಯದೇ ಹುಡುಗಿ, ಈ ಕಡೆಯದೇ ಮನೆ ಬೇಕಿತ್ತು. ಮದ್ದೂರಿನ ಸುತ್ತ ಹತ್ತಾರು ಊರು ಅಲೆದು ಕೊನೆಗೆ ನಮ್ಮ ತೊಟ್ಟಿಮನೆಯನ್ನು ಒಪ್ಪಿಕೊಂಡರು. ಅಪ್ಪ ಗದ್ದೆಯ ಕಡೆ ಹೋಗುವುದು ಬಿಟ್ಟು ಒಗೆದ ಪಂಚೆ ಉಟ್ಟು ಓಡಾಡತೊಡಗಿದ.

ಖಾದಿ ಜುಬ್ಬಾದ ನಿರ್ದೇಶಕರು ನಮ್ಮ ಜಗಲಿಯ ಮೇಲೆ ಕೂತು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದರು. ಶಾಲೆಯ ಪದ್ಯ ಹೇಳುವ ಸ್ಪರ್ಧೆಯಲ್ಲಿ ಬಹುಮಾನ ಗೆದ್ದವಳು ನಾನು. ಪಾತ್ರ ನನಗೇ ಎಂದು ನನಗೆ ಗ್ಯಾರಂಟಿ ಇತ್ತು.

"ನಿಮ್ಮಪ್ಪನನ್ನ ಪೊಲೀಸರು ಕರ್ಕೊಂಡು ಹೋಗ್ತಾ ಇದ್ದಾರೆ. ಏನು ಹೇಳ್ತೀಯಾ?" ಅಂದರು.

ನಾನು ಬಲಗೈ ಮೇಲೆತ್ತಿ, "ಓ ತಂದೆಯೇ! ತಾಯಿನಾಡಿಗಾಗಿ ಹೋಗಿ ಬಾ!" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಂಗಿ ಅಲ್ಲೇ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಸುಮ್ಮನೆ ಅವಳನ್ನೂ ಅದನ್ನೇ ಕೇಳಿದರು.

"ಅದೆಂಗ್ ಕರ್ಕೊಂಡ್ ಓದಾರು? ನಮ್ಮಪ್ಪ ಇನ್ನೂ ಉಂಡಿಲ್ಲ" ಅಂದಳು ಅವಳು, ತಲೆ ಎತ್ತದೆ.

ನಿರ್ದೇಶಕರು ಎದ್ದು ನಿಂತುಬಿಟ್ಟರು. ಆಮೇಲೆ ಅವಳ ಜಡೆ ನೋಡಿದರು. ಕಥೆಯಲ್ಲಿ ಹುಡುಗಿಗೆ ತಾಯಿ ಇಲ್ಲ, ಅಪ್ಪನೇ ಜಡೆ ಹಾಕುತ್ತಾನೆ. ಒಂದು ದಿನ ಜಡೆ ಅರ್ಧ ಆಗಿರುವಾಗ ಪೊಲೀಸರು ಬರುತ್ತಾರೆ, ಅವನು ಹಾಗೇ ಬಿಟ್ಟು ಎದ್ದು ಹೋಗುತ್ತಾನೆ. "ಇಂಥ ಕೂದಲು ಎಲ್ಲಿ ಸಿಗುತ್ತೆ!" ಎಂದು ಅವರು ಅಪ್ಪನ ಕೈ ಹಿಡಿದುಕೊಂಡರು. ಶೂಟಿಂಗು ಮುಂದಿನ ವಾರ ಎಂದಾಯಿತು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ದಿನಾ ಸಂಜೆ ಅಜ್ಜಿ ಅವಳನ್ನು ಹೊಸಿಲ ಮುಂದೆ ಕೂರಿಸಿ, ಉಪ್ಪು ಮೆಣಸಿನಕಾಯಿ ನೀವಾಳಿಸಿ ಕೆಂಡಕ್ಕೆ ಹಾಕುತ್ತಿದ್ದಳು. "ಯಾವ ಪಾಪಿ ಕಣ್ಣು ಬಿದ್ದದೋ" ಎಂದು ಗೊಣಗುತ್ತಿದ್ದಳು. ಕೆಂಡದ ಬಾಣಲೆ ಹಿಡಿದು ನಿಲ್ಲುವ ಕೆಲಸ ನನ್ನದು. ಬಿದ್ದಿದ್ದ ಕಣ್ಣೂ ನನ್ನದೇ.

ತಂಗಿಗೆ ನಾಲ್ಕು ವರ್ಷವಾಗಿದ್ದಾಗ ಮೈಯೆಲ್ಲ ಸಿಡುಬು ಎದ್ದಿತ್ತು. ಮಗು ಉಳಿದರೆ ಮುಡಿ ಕೊಡುತ್ತೇನೆಂದು ಅಜ್ಜಿ ಮುತ್ತತ್ತಿರಾಯನಿಗೆ ಹರಕೆ ಹೊತ್ತಿದ್ದಳು. ಆ ಕೂದಲನ್ನು ಬೋಳಿಸಲು ಮನಸ್ಸು ಬಾರದೆ ಅವ್ವ ಪ್ರತಿ ವರ್ಷ ಏನೋ ಒಂದು ನೆವ ತೆಗೆದು ಮುಂದೂಡುತ್ತಿದ್ದಳು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಮರೆತ ಹಾಗೂ ಇದ್ದರು. ನಾನು ಮರೆತಿರಲಿಲ್ಲ.

ಶೂಟಿಂಗಿಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ, ಮೊಸರು ಕಡೆಯುತ್ತಿದ್ದ ಅಜ್ಜಿಯ ಪಕ್ಕ ಹೋಗಿ ಕುಕ್ಕರಿಸಿದೆ.

"ಅಜ್ಜಿ, ಕನಸಲ್ಲಿ ಮುತ್ತತ್ತಿರಾಯ ಬಂದಿದ್ದ. ನಂಗ್ ಕೊಡ್ತೀನಿ ಅಂದಿದ್ದು ಎಲ್ಲಿ ಅಂತ ಕೇಳ್ದ."

ಕಡಗೋಲು ನಿಂತಿತು. "ಮೊಕ ಎಂಗಿತ್ತು ಮಗ?"

"ಕ್ವಾಪ ಬಂದಿತ್ತು."

ಇನ್ನೇನೂ ಬೇಕಾಗಲಿಲ್ಲ. ದೇವರು ಕನಸಿನಲ್ಲಿ ಬಂದು ಬಾಯಿಬಿಟ್ಟು ಕೇಳಿದ ಮೇಲೆ ನಮ್ಮ ಕಡೆ ಯಾರೂ ವಾದ ಮಾಡುವುದಿಲ್ಲ. ಅಪ್ಪ ಕೂಡ ತಲೆ ಕೆರೆದುಕೊಂಡು ಹೊರಗೆ ಹೋದ. ಅವ್ವ ಒಬ್ಬಳೇ, "ಒಂದ್ ವಾರ ತಡ್ಕೊಳಿ ಅತ್ತೆಮ್ಮ, ಸಿನಿಮಾದೋರು ಬಂದ್ ಓಗ್ಲಿ" ಎಂದು ಬೇಡಿಕೊಂಡಳು.

"ಸಿನಿಮಾದೋರು ಬ್ಯಾರೆ ಮಗೀನ್ ನೋಡ್ಕೊತಾರೆ ಕಣಮ್ಮಿ. ದೇವ್ರು ಮುನಿಸ್ಕಂಡ್ರೆ ನಾವ್ ಬ್ಯಾರೆ ಮಗೀನ್ ಎಲ್ಲಿಂದ ತರಾನ?" ಅಂದಳು ಅಜ್ಜಿ.

ಮರುದಿನ ಅವಳು ತಂಗಿಯನ್ನು ಕರೆದುಕೊಂಡು ಮಳವಳ್ಳಿ ಬಸ್ಸು ಹತ್ತಿದಳು. ಅಲ್ಲಿಂದ ಹಲಗೂರು, ಆಮೇಲೆ ಮುತ್ತತ್ತಿ. ತಂಗಿ ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಬೆಕ್ಕಿನ ಮರಿಯನ್ನು ಇಟ್ಟುಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ಪಕ್ಕ ಕೂತಿದ್ದಳು. ಅಳಲಿಲ್ಲ. ನನಗೆ ಕೈ ಬೀಸಿದಳು.

ತಿರುಗಿ ಬಂದಾಗ ನುಣ್ಣನೆಯ ತಲೆಗೆ ಗಂಧ ಬಳಿದಿತ್ತು. ಮುಖ ಚಿಕ್ಕದಾಗಿ ಕಣ್ಣಷ್ಟೇ ಉಳಿದಂತಿತ್ತು. ಅವ್ವ ಅಡಿಗೆಮನೆಯಿಂದ ಈಚೆಗೇ ಬರಲಿಲ್ಲ. ನನಗೆ ಸಂತೋಷವಾಯಿತು. ಚೆನ್ನಾಗಿಯೇ ಆಯಿತು.

ನಿರ್ದೇಶಕರು ಬಂದವರು ಜಗಲಿಯ ಮೇಲೆ ತಲೆ ಹಿಡಿದು ಕೂತರು. ಹೊಸ ಹುಡುಗಿಯನ್ನು ಹುಡುಕಲು ಪುರುಸೊತ್ತಿರಲಿಲ್ಲ, ಲೈಟು ಕ್ಯಾಮೆರಾ ಎಲ್ಲ ಬಂದಿಳಿದಿತ್ತು. ಕೊನೆಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೌರಿ ಕಟ್ಟಿದರೆ ಇವಳು ಆಗಬಹುದು" ಅಂದರು. ಹಾಗೆ ನನ್ನ ಇಲಿಬಾಲಕ್ಕೆ ಉದ್ದನೆಯ ಸುಳ್ಳು ಕೂದಲು ಸೇರಿಸಿ, ತಂಗಿಗೆ ಹೊಲಿಸಿದ್ದ ಲಂಗದ ಅಂಚು ಬಿಚ್ಚಿ ಉದ್ದ ಮಾಡಿ ನನಗೆ ತೊಡಿಸಿದರು.

ಅಪ್ಪನ ಪಾತ್ರದವನು ನನ್ನ ಹಿಂದೆ ಕೂತು ಜಡೆ ಹೆಣೆಯುತ್ತಿದ್ದ. ಪೊಲೀಸರು ಬಂದರು. ಅವನು ಎದ್ದ. ನಾನು ತಿರುಗಿ ನೋಡಿ ಅಳಬೇಕು. ತಿರುಗಿದೆ, ನಕ್ಕೆ. ಮತ್ತೆ ತೆಗೆದರು, ಮತ್ತೆ ನಕ್ಕೆ. ಊರಿಗೆ ಊರೇ ತೊಟ್ಟಿಯ ಸುತ್ತ ನಿಂತು ನನ್ನನ್ನೇ ನೋಡುತ್ತಿತ್ತು, ಜಡೆ ಬೆನ್ನ ಮೇಲೆ ಭಾರವಾಗಿ ಆಡುತ್ತಿತ್ತು, ಅಳು ಎಲ್ಲಿಂದ ಬರಬೇಕು? "ಅಪ್ಪನನ್ನ ಎಳ್ಕೊಂಡು ಹೋಗ್ತಿದ್ದಾರಮ್ಮ, ಹಲ್ಲು ಬಿಡಬೇಡ" ಎಂದು ನಿರ್ದೇಶಕರು ಕೈ ಮುಗಿದರು. ಏಳನೆಯ ಸಲವೂ ಅದೇ.

ಆಗ ಅವರ ಕಣ್ಣು ಕಂಬದ ಕಡೆ ಹೋಯಿತು. ತಂಗಿ ಕಂಬ ತಬ್ಬಿಕೊಂಡು ನಿಂತು ಅಳುತ್ತಿದ್ದಳು. ಸದ್ದಿಲ್ಲ, ಕೆಳದುಟಿ ಮಾತ್ರ ನಡುಗುತ್ತಿತ್ತು. ನಿರ್ದೇಶಕರು ಕ್ಯಾಮೆರಾದವನ ಭುಜ ಮುಟ್ಟಿದರು. ಕ್ಯಾಮೆರಾ ಮೆಲ್ಲಗೆ ಆ ಕಡೆ ತಿರುಗಿತು. ಕಥೆಯಲ್ಲಿ ಆ ಹುಡುಗಿಗೆ ತಂಗಿಯೇ ಇರಲಿಲ್ಲ, ಅವತ್ತು ಹುಟ್ಟಿದಳು.

ಮುಂದಿನ ವರ್ಷ ಸಿನಿಮಾ ಮದ್ದೂರಿಗೆ ಬಂತು. ನಮ್ಮೂರಿನವರೆಲ್ಲ ಗಾಡಿ ಕಟ್ಟಿಕೊಂಡು ಮ್ಯಾಟ್ನಿಗೆ ಹೋದೆವು. ಆ ದೃಶ್ಯ ಬಂದಾಗ ನಾನು ಉಸಿರು ಹಿಡಿದು ಕೂತೆ. ಕಂಡದ್ದು ನನ್ನ ಬೆನ್ನು ಮತ್ತು ಬಾಡಿಗೆ ಕೂದಲು. ಆಮೇಲೆ ಪರದೆಯ ತುಂಬ ತಂಗಿಯ ಬೋಳುತಲೆ, ಆ ಕಣ್ಣು, ಆ ತುಟಿ. ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು ಎದ್ದಿತು. ಮುಂದಿನ ಸಾಲಿನಲ್ಲಿ ಯಾರೋ, "ಅಪ್ಪನ್ ಕಂಡ್ರೆ ಎಷ್ಟ್ ಪಿರೂತಿ ನೋಡ್ಲಾ ಆ ಮಗೀಗೆ" ಅಂದರು. ದೇವರು ಮುಡಿ ಈಸಿಕೊಂಡು ಈ ಭಾಗ್ಯ ಕೊಟ್ಟ ಎಂದು ಅಜ್ಜಿ ಕತ್ತಲಲ್ಲೇ ಕೈ ಮುಗಿದಳು. ನನಗೆ ಎದ್ದು ಹೋಗಿ ಆ ಪರದೆಯನ್ನು ಹರಿದು ಹಾಕಬೇಕು ಅನ್ನಿಸಿತು.

ಮರಳುವಾಗ ನಾವಿಬ್ಬರು ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದೆವು. ಅವಳ ಕೂದಲು ಆಗಷ್ಟೇ ಕಿವಿ ಮುಟ್ಟುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಲೇ, ಆ ಬಣ್ಣ ಬಳ್ಕೊಂಡೋನು ನಿನ್ನ ಅಪ್ಪನಾ? ಅವ್ನ್ ಓದ್ರೆ ನೀನ್ಯಾಕ್ ಅಂಗ್ ಅತ್ಕೊಂಡೆ?"

"ಅವ್ನಿಗ್ಯಾರ್ ಅತ್ರು?" ಅಂದಳು ತಂಗಿ. "ನಿನ್ ಜಡೆ ನೋಡಿ ಅಳು ಬಂತು. ಅಲ್ಲಿ ನಾನ್ ಕೂರ್ಬೇಕಾಗಿತ್ತು. ಒಟ್ಟೆ ಉರ್ದೋಯ್ತು ಕಣಕ್ಕ."

ಕನಸು ಸುಳ್ಳೆಂದು ಆಗಲೇ ಹೇಳಿ ಅವಳ ಕಾಲು ಹಿಡಿಯಬೇಕಿತ್ತು. ಆದರೆ ನನ್ನನ್ನು ನೋಡಿ ಒಬ್ಬರು ಹೊಟ್ಟೆ ಉರಿದುಕೊಂಡದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ನಾನು ಅವಳ ಹತ್ತಿರ ಸರಿದು ಕೂತೆ.

"ಎಷ್ಟ್ ಉರೀತು? ಸರ್ಯಾಗ್ ಯೋಳು" ಅಂದೆ.

ಪಾಪ, ಅವಳು ಊರು ಬರುವವರೆಗೂ ಹೇಳಿದಳು.