ಬಿಳಿ ತುಂಡಿನ ಪಕ್ಕದ ಕಣ್ಣು

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮುಕ್ಕಾಲು ಆಯುಷ್ಯ ಕಳೆದವನ ಮೈ ಹಳದಿಯಾದರೆ ಯಾರು ತಾನೇ ಗಮನಿಸುತ್ತಾರೆ? ಬೀದಿಯವರಿಗೆಲ್ಲ ಅವನು ಬಣ್ಣದ ಮಾವ. ಒಮ್ಮೆ ಉಗುರು ನೀಲಿ, ಇನ್ನೊಮ್ಮೆ ಅಂಗೈ ಕೆಂಪು. ಆ ತಿಂಗಳು ತೊಟ್ಟಿಗಳಲ್ಲಿ ಹಳದಿ ಕುದಿಯುತ್ತಿತ್ತು. ತೋಳು ಹಳದಿಗಟ್ಟಿತು, ಕುತ್ತಿಗೆ ಹಳದಿಗಟ್ಟಿತು. ಹೆಂಡತಿ ಸೋಪು ಬದಲಿಸಿದಳು. ಮೈಯೆಲ್ಲ ತುರಿಕೆ ಹತ್ತಿದಾಗ ಇಬ್ಬರೂ ಸೇರಿ ಬಣ್ಣದ ಪುಡಿಗೆ ಹಿಡಿಶಾಪ ಹಾಕಿದರು.

ಒಂದು ಬೆಳಿಗ್ಗೆ ಅವನು ಎಂದಿನಂತೆ ಕಿಟಕಿಯ ಬೆಳಕಿನಲ್ಲಿ ಬಣ್ಣದ ಬಟ್ಟೆಯ ಪಕ್ಕ ಬಿಳಿ ತುಂಡೊಂದನ್ನು ಹಿಡಿದು ಹದ ನೋಡುತ್ತಿದ್ದ. ಎದುರಿಗಿದ್ದ ಜೊತೆಗಾರ ಬಟ್ಟೆಯನ್ನು ಬಿಟ್ಟು ಅವನ ಮುಖವನ್ನೇ ನೋಡಿದ.

"ಏನ್ ಮಾವ, ಕಣ್ಣಿಗೂ ಬಣ್ಣ ಹಾಕಿಸ್ಕೊಂಡ್ರಾ?"

ತಮಾಷೆಗೆಂದು ಹೊರಟ ಮಾತು ಅರ್ಧಕ್ಕೇ ತಣ್ಣಗಾಯಿತು. ಬಣ್ಣದ ಮಾವ ಬಟ್ಟೆಯನ್ನು ಕೆಳಗಿಟ್ಟ. ಅವನ ಅಣ್ಣನ ಕಣ್ಣೂ ಹೀಗೆಯೇ ಹಳದಿಯಾಗಿತ್ತು. ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು.

ಆಸ್ಪತ್ರೆಗೆ ಸೇರಿದ ದಿನವೇ ಚಳಿಜ್ವರ ಹಿಡಿಯಿತು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಮಂಚದ ಪಕ್ಕ ಕುಳಿತರು.

"ಗಡ್ಡೆ ಏನೂ ಕಾಣ್ತಿಲ್ಲ, ಯಜಮಾನ್ರೇ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕೀವಾಗ್ತಿದೆ. ನಾಳ ಸಣ್ಣ ಕರುಳಿಗೆ ತೆರೆಯೋ ಜಾಗದ ಪಕ್ಕದಲ್ಲೇ ಕರುಳಿನ ಗೋಡೆ ಹೊರಕ್ಕೆ ಉಬ್ಬಿ ಒಂದು ಚೀಲ ಆಗಿದೆ."

"ಆ ಚೀಲದಿಂದಾನೇ ಕಲ್ಲಾಯ್ತಾ, ಡಾಕ್ಟ್ರೇ?" ಹೆಂಡತಿ ಕೇಳಿದಳು.

"ಆಗಿರಬಹುದು. ಚೀಲ ನಾಳದ ಬಾಯನ್ನ ಅಮುಕಿದ್ರೆ ಪಿತ್ತ ಸರಾಗ ಹರಿಯಲ್ಲ. ತಿಂದದ್ದು ಅಲ್ಲಿ ಸಿಕ್ಕಿಕೊಂಡು ಕ್ರಿಮಿನೂ ಬೆಳೀಬಹುದು. ಆದ್ರೆ ಎಷ್ಟೋ ವಯಸ್ಸಾದವ್ರ ಹೊಟ್ಟೇಲಿ ಇದು ಸುಮ್ನೆ ಇರುತ್ತೆ. ಇದೇ ಕಾರಣ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ. ಈಗ ಬಾಯಿಂದ ಕೊಳವೆ ಬಿಟ್ಟು ಕಲ್ಲು ತೆಗೀಬೇಕು, ಕಾಯೋ ಹಾಗಿಲ್ಲ. ಚೀಲದ ಗೋಡೆ ಮಾತ್ರ ತುಂಬಾ ತೆಳು. ತೂತಾದ್ರೆ ಜೀವಕ್ಕೆ ಅಪಾಯ."

ತೆಳು ಎಂದರೇನೆಂದು ಅವನಿಗೆ ಗೊತ್ತಿತ್ತು. ನವಿರಾದ ಬಟ್ಟೆ ಕುದಿಯುವ ತೊಟ್ಟಿಯಲ್ಲಿ ಸದ್ದಿಲ್ಲದೆ ಹರಿದುಹೋಗುವುದನ್ನೂ, ಮೇಲೆತ್ತಿದಾಗಲಷ್ಟೇ ಅದು ಗೊತ್ತಾಗುವುದನ್ನೂ ಅವನು ಕಂಡಿದ್ದ.

"ಬೇಡ ಅಂದ್ಬಿಡ್ಲಾ?" ಎಂದು ಹೆಂಡತಿಯನ್ನು ಕೇಳಿದ.

"ಬೇಡ ಅಂದು ಎಲ್ಲಿಗೆ ಹೋಗ್ತೀರಿ, ಅಣ್ಣನ ಹತ್ರಕ್ಕಾ?" ಅವಳು ಅವನ ಹೊದಿಕೆ ಸರಿಪಡಿಸಿದಳು. "ಹೆದರ್ಬೇಡಿ ಅನ್ನಲ್ಲ ರೀ. ನನಗೂ ಕೈಕಾಲು ಆಡ್ತಿಲ್ಲ. ಹೆದರ್ಕೊಂಡೇ ಹೋಗಿ ಬನ್ನಿ."

ಕೊಳವೆ ಬಿಟ್ಟು ನೋಡಿದರೆ ನಾಳದ ಬಾಯಿ ಚೀಲದ ಒಳ ಅಂಚಿನಲ್ಲಿ ಅಡಗಿತ್ತಂತೆ. ಹುಡುಕಿ ತೆಗೆಯುವಷ್ಟರಲ್ಲಿ ಡಾಕ್ಟರಮ್ಮನಿಗೆ ಸಾಕುಸಾಕಾಗಿತ್ತು. ಕಲ್ಲು ಹೊರಬಂತು, ಜ್ವರ ಇಳಿಯಿತು. ಚೀಲವನ್ನು ಮಾತ್ರ ಮುಟ್ಟಲಿಲ್ಲ. ಕಲ್ಲು ಮತ್ತೆ ಕಟ್ಟಬಹುದು, ಕಟ್ಟದೆಯೂ ಇರಬಹುದು. ಬದುಕಿ ಬಂದವನಿಗೆ ವೈದ್ಯಶಾಸ್ತ್ರ ಕೊಟ್ಟ ಭರವಸೆ ಅಷ್ಟೇ.

ಈಗ ದಿನಾ ಬೆಳಿಗ್ಗೆ ಹೆಂಡತಿ ಅವನನ್ನು ಕಿಟಕಿಯ ಬಳಿ ನಿಲ್ಲಿಸಿ, ಕಾರ್ಖಾನೆಯಿಂದ ತರಿಸಿದ ಬಿಳಿ ತುಂಡನ್ನು ಅವನ ಕಣ್ಣಿನ ಪಕ್ಕ ಹಿಡಿಯುತ್ತಾಳೆ. ಇಂದೇಕೋ ಅವಳು ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು.

"ಏನಾಯ್ತೇ?"

"ಅಲ್ಲಾಡ್ಬೇಡಿ."

ಅವನು ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತ.

"ಬಿಳೀನೇ ಇದೆ," ಎಂದಳು. ತುಂಡು ಹಿಡಿದ ಕೈಯನ್ನು ಮಾತ್ರ ಕೆಳಗಿಳಿಸಲಿಲ್ಲ.